ಯಾರ ಮನೆಯ ಕೂಸು ಈ ಮೀನು

ನಮ್ಮ ಅಡುಗೆಮನೆಯ ಮೈಕ್ರೋವೇವ್ ಅನ್ನ ಬಿಸಿ ಮಾಡಿ ಮುಗಿಸಿದಾಗ ಬೀಪ್ ಎಂದು ಕೂಗುತ್ತದೆ. ಆ ಸದ್ದು ಪೂರ್ತಿ ಅಡಗುವವರೆಗೆ ನಾನು ಅದರ ಬಾಗಿಲು ಮುಟ್ಟುವುದಿಲ್ಲ. ಮುಟ್ಟಬಾರದೆಂದೇನಿಲ್ಲ, ಕೈ ಮುಂದಕ್ಕೆ ಹೋಗುವುದಿಲ್ಲ ಅಷ್ಟೆ. ನಮ್ಮ ಯಜಮಾನರು ಇದನ್ನು ಗಮನಿಸಿದ್ದಾರೆ. ಈಚೆಗೆ ಬೀಪ್ ಬರುವ ಮೊದಲೇ ಅವರು ಹೋಗಿ ಬಾಗಿಲು ತೆಗೆದು, ಏನೂ ಆಗದವರಂತೆ ಉಪ್ಪಿನಕಾಯಿ ಹುಡುಕುತ್ತಾರೆ.

ನಾನು ಅಮೆರಿಕದ ಪಶ್ಚಿಮ ಕರಾವಳಿಯ ಈ ಕೊಲ್ಲಿ ಪ್ರದೇಶದ ಹಳ್ಳಗಳಲ್ಲಿ ಮೀನು ಹಿಡಿದು, ಇದು ಯಾವುದು ಎಂದು ಹೇಳುವ ಕೆಲಸ ಮಾಡಿ ನಿವೃತ್ತಳಾದವಳು. ಈಗ ಕ್ಯಾಂಪ್‌ಬೆಲ್ ಎಂಬ ಊರಿನ ನಮ್ಮ ಮನೆಯಲ್ಲಿದ್ದೇನೆ. ಮೊನ್ನೆ ಪರಿಚಿತರ ಮಗಳೊಬ್ಬಳು, ಇದೇ ಕೆಲಸಕ್ಕೆ ಹೊಸದಾಗಿ ಸೇರಿದವಳು, ಫೋನು ಮಾಡಿ ಯಾವ ಪುಸ್ತಕ ಓದಲಿ ಆಂಟಿ ಎಂದು ಕೇಳಿದಳು. ಪುಸ್ತಕದಲ್ಲಿರುವುದನ್ನು ಅವಳು ಓದಿಕೊಳ್ಳುತ್ತಾಳೆ. ಅದರಲ್ಲಿಲ್ಲದ ನಾಲ್ಕು ಮಾತು ಬರೆಯೋಣ ಎಂದು ಕೂತೆ. ಕೂತಾಗ ಗೊತ್ತಾಯಿತು, ಎಲ್ಲಿಂದ ಶುರು ಮಾಡಿದರೂ ನಾನು ಹೋಗಿ ನಿಲ್ಲುವುದು ಒಂದೇ ಮಡುವಿನ ದಂಡೆಯಲ್ಲಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ವೀರೇಶ ಆ ಮಡುವಿನಲ್ಲಿ ಮುಳುಗಿದ, ಬದುಕಿ ಬಂದ. ಮತ್ತೆ ನೀರಿಗೆ ಇಳಿಯುತ್ತಾನೋ ಇಲ್ಲವೋ ಎಂಬುದು ಬಹಳ ಕಾಲ ಗೊತ್ತಾಗದೆ ಉಳಿಯಿತು. ಆ ಕಥೆಗೆ ಬರುವ ಮೊದಲು ಕೆಲಸ ಎಂಥದ್ದು ಎಂದು ಹೇಳಬೇಕು.

ನಮ್ಮ ಹಳ್ಳಗಳು ಕ್ಯಾಲೆಂಡರಿನ ಚಿತ್ರದಲ್ಲಿ ಬರುವಂಥವಲ್ಲ. ಗ್ರೋಸರಿ ಅಂಗಡಿಯ ಹಿಂಭಾಗ, ಅಪಾರ್ಟ್‌ಮೆಂಟಿನ ಕಾಂಪೌಂಡಿನ ಕೆಳಗೆ, ಫ್ರೀವೇಯ ಕಂಬಗಳ ನಡುವೆ ಹರಿಯುತ್ತವೆ. ತಳದಲ್ಲಿ ಶಾಪಿಂಗ್ ಕಾರ್ಟ್, ಸೈಕಲ್ಲಿನ ಚಕ್ರ, ಒಮ್ಮೆ ಒಂದು ಇಡೀ ಸೋಫಾ ಇತ್ತು. ಅದರ ಮೇಲೆ ಆಮೆಯೊಂದು ಬಿಸಿಲು ಕಾಯುತ್ತಿತ್ತು. ನಾವು ಎದೆಯವರೆಗೆ ಬರುವ ರಬ್ಬರಿನ ಉಡುಪು ಹಾಕಿ ಇಳಿಯುತ್ತಿದ್ದೆವು. ಒಬ್ಬರ ಬೆನ್ನಿಗೆ ಬ್ಯಾಟರಿಯ ಪೆಟ್ಟಿಗೆ. ಅದಕ್ಕೆ ಶಾಕರ್ ಎನ್ನುತ್ತೇವೆ. ಅವರ ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಲೋಹದ ಬಳೆ. ಕೋಲಿನ ಗುಂಡಿ ಒತ್ತಿದರೆ ನೀರಿಗೆ ಕರೆಂಟು ಹರಿದು, ಹತ್ತಿರದ ಮೀನುಗಳು ಮಂಕಾಗಿ ಬಳೆಯ ಕಡೆ ಹೊರಳುತ್ತವೆ. ಹಿಂದಿರುವವರು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಬೇಕು. ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತವೆ, ನೋಡಿ ಅಳೆದು ಬಿಡುತ್ತೇವೆ. ಕರೆಂಟು ಹರಿಯುತ್ತಿರುವಷ್ಟು ಹೊತ್ತೂ ಪೆಟ್ಟಿಗೆ ಬೀಪ್ ಎಂದು ಕೂಗುತ್ತದೆ. ಆ ಸದ್ದು ನಿಲ್ಲುವ ತನಕ ಯಾರೂ ನೀರಿಗೆ ಕೈ ಹಾಕುವಂತಿಲ್ಲ. ಮೊದಲ ದಿನ ಕಲಿಸುವ ಪಾಠ ಇದು. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ನಮ್ಮ ಮನೆಯವರು ಮೊಟ್ಟೆಯನ್ನೂ ತರದವರು. ಅಮ್ಮ ಕೊನೆಯವರೆಗೂ ನೆಂಟರಿಗೆ ನಮ್ಮ ವಸುಧಾ ಅಮೆರಿಕದಲ್ಲಿ ನೀರಿನ ಇಲಾಖೆಯಲ್ಲಿದ್ದಾಳೆ ಎಂದೇ ಹೇಳುತ್ತಿದ್ದಳು. ಸುಳ್ಳೇನಲ್ಲ. ಹುಬ್ಬಳ್ಳಿಯ ವೀರೇಶನೂ ಸಸ್ಯಾಹಾರಿ, ಲಿಂಗ ಕಟ್ಟಿಕೊಂಡವನು. ನಮ್ಮಿಬ್ಬರ ಮೇಲಧಿಕಾರಿ ಗ್ಯಾರಿ ಹೊಸಬರಿಗೆ ಪರಿಚಯ ಮಾಡಿಕೊಡುವಾಗ, ಈ ಹಳ್ಳದ ಮೀನುಗಳು ಅದೃಷ್ಟವಂತರು, ಹಿಡಿಯುವವರಿಬ್ಬರೂ ಮೀನು ತಿನ್ನುವುದಿಲ್ಲ ಎನ್ನುತ್ತಿದ್ದ.

ನನಗೆ ಅತಿ ಹೆಚ್ಚು ಕಾಟ ಕೊಟ್ಟ ಮೀನು ಸನ್‌ಫಿಶ್. ಅಂಗೈಯಗಲದ, ಚಪ್ಪಟೆ ಮೈಯ, ಚೆಂದದ ಮೀನು. ಇಲ್ಲಿಯದಲ್ಲ. ಗಾಳ ಹಾಕುವವರ ಸಂತೋಷಕ್ಕೆಂದು ಯಾವಾಗಲೋ ದೇಶದ ಆಚೆ ಭಾಗದಿಂದ ತಂದು ಬಿಟ್ಟದ್ದು, ಈಗ ಎಲ್ಲ ಕಡೆ ಇದೆ. ಮುಖ್ಯವಾಗಿ ಎರಡು ಜಾತಿ. ಒಂದು ಬ್ಲೂಗಿಲ್, ಇನ್ನೊಂದು ಗ್ರೀನ್ ಸನ್‌ಫಿಶ್. ಬ್ಲೂಗಿಲ್‌ಗೆ ಚಿಕ್ಕ ಬಾಯಿ, ಉದ್ದನೆಯ ಚೂಪು ಪಕ್ಕದ ರೆಕ್ಕೆ, ಕಿವಿರಿನ ಮುಚ್ಚಳದ ತುದಿಯಲ್ಲಿ ನಾವು ಕಿವಿ ಎನ್ನುವ, ಅಂಚಿನ ತನಕ ಕಪ್ಪಾದ ಮಡಿಕೆ. ಗ್ರೀನ್‌ಗೆ ಕಣ್ಣಿನ ಕೆಳಗಿನವರೆಗೆ ಸೀಳಿದ ದೊಡ್ಡ ಬಾಯಿ, ಮೋಟು ದುಂಡು ರೆಕ್ಕೆ, ಕಪ್ಪು ಕಿವಿಗೆ ತಿಳಿ ಹಳದಿಯ ಅಂಚು. ಆ ದೊಡ್ಡ ಬಾಯಿಯೇ ನಮ್ಮ ಚಿಂತೆ. ಹಳ್ಳದ ಮೂಲನಿವಾಸಿಗಳಾದ ಮುಳ್ಳುಬೆನ್ನಿನ ಪುಟ್ಟ ಮೀನು, ಕಪ್ಪೆಯ ಮರಿ ಎಲ್ಲ ಅದರೊಳಗೆ ಹೋಗುತ್ತವೆ.

ತೊಂದರೆ ಎಂದರೆ ಇವೆರಡೂ ಕೂಡುತ್ತವೆ. ಆಗ ಹುಟ್ಟುವ ಮರಿಗೆ ಬಾಯಿ ನಡುವಣ ಅಳತೆಯದು, ರೆಕ್ಕೆ ಅತ್ತ ಉದ್ದವೂ ಅಲ್ಲ ಇತ್ತ ಮೋಟೂ ಅಲ್ಲ, ಕಿವಿಗೆ ಕಂಡೂ ಕಾಣದಂಥ ತೆಳು ಅಂಚು. ಮಿಶ್ರ ಮೀನು ಸಿಕ್ಕಿತೆಂದರೆ ಹೆತ್ತವರಿಬ್ಬರೂ ಹತ್ತಿರದಲ್ಲೇ ಇದ್ದಾರೆ, ಇಲ್ಲವೇ ಯಾರೋ ತಮ್ಮ ಸಾಕುಕೊಳದಿಂದ ತಂದು ಬಿಟ್ಟಿದ್ದಾರೆ ಎಂದರ್ಥ. ಹಾಗಾದರೆ ಹುಡುಕಬೇಕಾದದ್ದು ಬೇರೆ ಜಾಗ. ಶುದ್ಧ ಗ್ರೀನ್ ಆದರೆ ಅದು ಅಲ್ಲೇ ಬೀಡುಬಿಟ್ಟು ಬೆಳೆಯುತ್ತದೆ, ಮಡುವನ್ನೇ ಖಾಲಿ ಮಾಡಿಸಬೇಕಾಗಬಹುದು. ಹೀಗಾಗಿ ಅಂಗೈಯಲ್ಲಿ ಒದ್ದಾಡುವ ಒಂದು ಮೀನನ್ನು ಹಿಡಿದು ನಾವು ಗಂಟೆಗಟ್ಟಲೆ ಜಗಳವಾಡಿದ್ದುಂಟು. ಮೀನಿಗೆ ನಡುನಡುವೆ ಬಕೆಟ್ಟಿನಲ್ಲಿ ವಿಶ್ರಾಂತಿ ಕೊಡುತ್ತಿದ್ದೆವು. ನಮಗೆ ಇರಲಿಲ್ಲ.

ವೀರೇಶ ಕೆಲಸಕ್ಕೆ ಸೇರಿದ ಮೊದಲ ವಾರ ಅಂಥದ್ದೊಂದು ಸಿಕ್ಕಿತು. ನಾನು ಬಾಯಿಯ ಉದ್ದ ಅಳೆಯುತ್ತಿದ್ದೆ. ಅವನು ಪಕ್ಕದಲ್ಲಿ ಬಗ್ಗಿ ನೋಡಿ, "ಮೇಡಮ್ಮಾರ, ಬಾಯಿ ಅವ್ವಂದು ನೋಡ್ರಿ. ರೆಕ್ಕಿ ಮಾತ್ರ ಅಪ್ಪನ ಕಡೀದು" ಎಂದ.

"ಮೀನಿಗೂ ಜಾತಕ ನೋಡ್ತೀರಾ?" ಎಂದೆ.

"ಬಾಣಂತಿ ಮನಿಗೆ ಹೋದ್ರ ನಮ್ಮ ಅಜ್ಜಿ ತೊಟ್ಟಿಲದಾಗ ಹಿಂಗ ನೋಡ್ತಿದ್ಲ್ರಿ. ಮೂಗು ಯಾರದು, ಹಣಿ ಯಾರದು, ಕಿವಿ ಯಾರ ಮನೀದು ಅಂತ. ಒಂದೊಂದ ಬ್ಯಾರೆ ಬ್ಯಾರೆ ಹೇಳ್ತಿದ್ಲು. ಅದನ್ನ ಮಾಡೂದ್ರಿ ಇಲ್ಲೂ."

ನನಗೆ ನಗು ಬಂತು. ಆದರೆ ಅದು ಒಳ್ಳೆಯ ಪದ್ಧತಿಯೇ. ಇಡೀ ಮುಖ ನೋಡಿ ಥಟ್ಟನೆ ಹೆಸರು ಹೇಳುವ ಬದಲು, ಬಾಯಿ, ಕಿವಿ, ರೆಕ್ಕೆ, ಕೆನ್ನೆಯ ಗೆರೆ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಯಾರ ಮನೆಯದು ಎಂದು ಕೇಳುವುದು. ಆಮೇಲೆ ನಮ್ಮಿಬ್ಬರ ನಡುವೆ ಅದೇ ಮಾತಾಯಿತು. ಅವನು ಬಲೆಯತ್ತ ಕೂಗುತ್ತಿದ್ದ, ಯಾರ ಮನಿ ಕೂಸ್ರಿ ಇದು ಎಂದು. ನಾನು ಮೇಡಮ್ಮಾರಿಂದ ಅಕ್ಕಾರ ಆದೆ, ಅವನು ನೀವು ಎಂಬಲ್ಲಿಂದ ನೀನು ಆದ.

ತೊಟ್ಟಿಲು ನೋಡುವವರು ಮಾಡುವ ತಪ್ಪನ್ನೇ ನಾವೂ ಮಾಡುತ್ತೇವೆ. ಯಾರ ಹಾಗೆ ಕಾಣಬೇಕೆಂದು ಮನಸ್ಸಿನಲ್ಲಿದೆಯೋ ಹಾಗೇ ಕಾಣಿಸುತ್ತದೆ. ಒಮ್ಮೆ ಗ್ಯಾರಿ ಎಮರಿವಿಲ್‌ನ ಒಂದು ಸಭಾಂಗಣದಲ್ಲಿ ನಿವಾಸಿಗಳ ಮುಂದೆ ನಿಂತು, ಕಿತ್ತಳೆ ಅಂಚಿನ ರೆಕ್ಕೆಯ ಮೀನಿನ ದೊಡ್ಡ ಚಿತ್ರ ತೋರಿಸಿ, ಇದು ಮಿಶ್ರ ಮೀನು, ನಿಮ್ಮಲ್ಲೇ ಯಾರೋ ಕೊಳದಿಂದ ತಂದು ಬಿಟ್ಟಿದ್ದೀರಿ ಎಂದು ಗದರಿಸಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವು ವಾರಗಳ ನಂತರ ಪ್ರಯೋಗಾಲಯದಿಂದ ಉತ್ತರ ಬಂತು. ಅದು ಶುದ್ಧ ಗ್ರೀನ್, ಗೂಡು ಕಾಯುವ ಕಾಲದ ಗಂಡು. ಮದುವಣಿಗನ ಬಣ್ಣ ನೋಡಿ ಗ್ಯಾರಿ ಮೋಸಹೋಗಿದ್ದ. ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಗ್ಯಾರಿ ಮುಂದಿನ ಸಭೆಗೆ ಅದೇ ಚಿತ್ರ ಒಯ್ದು, ಹೋದ ಸಲ ನಾನು ಹೇಳಿದ್ದು ತಪ್ಪು ಎಂದು ಮೊದಲ ವಾಕ್ಯದಲ್ಲೇ ಹೇಳಿದ. ಆ ಚಿತ್ರವನ್ನು ಓಕ್ಲ್ಯಾಂಡಿನ ಆಫೀಸಿನಲ್ಲಿ ತನ್ನ ಕುರ್ಚಿಯ ಹಿಂದೆ ಅಂಟಿಸಿದ. ಯಾರಾದರೂ ಜೋರು ದನಿಯಲ್ಲಿ ಇದು ಮಿಶ್ರವೇ ಎಂದರೆ, ಹಿಂದೆ ತಿರುಗದೆ ಹೆಬ್ಬೆರಳಿನಿಂದ ಅದನ್ನು ತೋರಿಸುತ್ತಿದ್ದ. ಒಳ್ಳೆಯ ಮೇಲಧಿಕಾರಿ ಸಿಗುವುದು ಪುಣ್ಯ. ನನಗೆ ಸಿಕ್ಕಿದ್ದ.

ಗೊತ್ತಿಲ್ಲ ಎಂದು ಬರೆಯುವುದು ಹೇಗೆ ಎಂದು ಕಲಿಸಿದವನೂ ಅವನೇ. ಬೆರಳುದ್ದಕ್ಕಿಂತ ಚಿಕ್ಕ ಮರಿಗಳು ಎಲ್ಲವೂ ಒಂದೇ ಥರ. ಕೆಸರುನೀರಿನಲ್ಲಿ ಬೆಳೆದ ಮೀನು ಬಣ್ಣ ಕಳೆದುಕೊಂಡಿರುತ್ತದೆ. ಊಟ ಸಾಲದೆ ಕುಗ್ಗಿದ ಮೀನಿನ ಕಣ್ಣು ದೊಡ್ಡದಾಗಿ, ಬಾಯಿ ಸಣ್ಣದಾಗಿ ತೋರುತ್ತದೆ. ಹೊಸಬರಿಗೆ ಇಂಥ ಕಡೆ ಹೆಸರು ಹೇಳದಿದ್ದರೆ ಅವಮಾನ ಅನ್ನಿಸುತ್ತದೆ. ಬಿಡಿ, ಅನ್ನಿಸಲಿ. ಸನ್‌ಫಿಶ್, ಗುರುತಾಗಿಲ್ಲ, ಬಹುಶಃ ಮಿಶ್ರ ಎಂದು ಬರೆದು ಮುಂದಕ್ಕೆ ಹೋಗಿ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದ ಹೊಸತರಲ್ಲಿ ಸಂಶಯದ ಮೀನನ್ನು ಫಾರ್ಮಲಿನ್ ಜಾಡಿಯಲ್ಲಿ ಮುಳುಗಿಸಿ ತರುತ್ತಿದ್ದೆವು. ಆಫೀಸಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹುರುಪೆ ಎಣಿಸಿ, ಕಿವಿರಿನ ಮುಳ್ಳು ಎಣಿಸಿ, ಬಾಯಿಯೊಳಗಿನ ಹಲ್ಲು ತಡವಿ ನೋಡಬೇಕು. ಆ ವಾಸನೆಗೆ ಮನೆಯಲ್ಲಿ ನನ್ನ ಬಟ್ಟೆ ಬೇರೆ ಬುಟ್ಟಿಗೆ ಬೀಳುತ್ತಿತ್ತು. ಆಮೇಲೆ ಕ್ಯಾಮೆರಾ ಬಂತು. ಆಮೇಲೆ ಕತ್ತರಿ. ಈಗ ಬಾಲದ ರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಸ್ಪಿರಿಟ್ಟಿನ ಪುಟ್ಟ ಶೀಷೆಗೆ ಹಾಕಿ, ಉತ್ತರ ಬರುವವರೆಗೆ ಮೀನನ್ನು ಬಿಟ್ಟುಬಿಡುತ್ತೇವೆ. ಅಪ್ಪ ಯಾರು ಅವ್ವ ಯಾರು ಎಂದು ಪ್ರಯೋಗಾಲಯ ಹೇಳುತ್ತದೆ. ಆ ಕತ್ತರಿ ಕಿರುಬೆರಳಿನಷ್ಟಿದೆ. ಕಳೆದುಹೋಗದಿರಲೆಂದು ನಾನು ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಗ್ಯಾರಿ ಅದಕ್ಕೆ ನನ್ನ ತಾಳಿ ಎಂದು ಹೆಸರಿಟ್ಟಿದ್ದ. ತಾಳಿ ಎಂಬುದನ್ನು ಅವನಿಗೆ ಹೇಳಿಕೊಟ್ಟದ್ದು ವೀರೇಶ.

ಈಗ ಹಗ್ಗದ ಮಾತು.

ಶಾಕರ್ ಪೆಟ್ಟಿಗೆಗೆ ಎದೆಯ ಮೇಲೊಂದು, ಸೊಂಟಕ್ಕೊಂದು ಪಟ್ಟಿ. ಎರಡಕ್ಕೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಕಲ್. ಬಿದ್ದರೆ ಎಳೆದು ಪೆಟ್ಟಿಗೆಯನ್ನು ಕಳಚಿ ಹಾಕಬೇಕು ಎಂಬುದೇ ಅದರ ಉದ್ದೇಶ. ನಮ್ಮ ಪೆಟ್ಟಿಗೆಯ ಬಕಲ್ ಹಳೆಯದಾಗಿ, ಬಗ್ಗಿದಾಗಲೆಲ್ಲ ತಾನೇ ಟಕ್ಕೆಂದು ಬಿಚ್ಚಿಕೊಳ್ಳುತ್ತಿತ್ತು. ಹೊಸದಕ್ಕೆ ಬರೆದು ಹಾಕಿದ್ದರು, ಬಂದಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ವೀರೇಶ ಎರಡೂ ಪಟ್ಟಿಗಳನ್ನು ನೀಲಿ ನೈಲಾನ್ ಹಗ್ಗದಿಂದ ಸೇರಿಸಿ ಬಿಗಿದಿದ್ದ, ಬಕಲ್ಲಿನ ಮೇಲೆ ಗಂಟು ಕೂತಿತ್ತು. ಊರಿನಿಂದ ಬಂದಾಗ ಸೂಟ್‌ಕೇಸಿಗೆ ಕಟ್ಟಿದ್ದ ಹಗ್ಗವದು. ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಅದು? ಸೂಟ್‌ಕೇಸಿಗೆ ಬೀಗ ಇರುತ್ತದೆ, ಜಿಪ್ಪು ಇರುತ್ತದೆ, ಆದರೂ ಮೇಲೊಂದು ಹಗ್ಗ ಸುತ್ತದೆ ವಿಮಾನ ಹತ್ತಿದವರಿಲ್ಲ. ಊರು ತಲುಪಿದ ಮೇಲೆ ಹಗ್ಗವನ್ನು ಎಸೆಯುವುದೂ ಇಲ್ಲ, ಸುತ್ತಿ ಒಳಗಿಡುತ್ತೇವೆ. ತಂಡದ ಉಳಿದವರು ಅದು ಪೆಟ್ಟಿಗೆಯ ಜೊತೆ ಬಂದ ಭಾಗವೆಂದುಕೊಂಡರು. ನನ್ನ ಕಣ್ಣಿಗೆ ಅದು ಎಷ್ಟು ಮನೆಯದೆನ್ನಿಸಿತೆಂದರೆ, ಪ್ರಶ್ನೆಯೇ ಏಳಲಿಲ್ಲ. ಗಟ್ಟಿಯಾಗಿ ಕಟ್ಟಿದ್ದಾನೆ, ಒಳ್ಳೆಯ ಹುಡುಗ, ಎಂದುಕೊಂಡೆ.

ಆ ದಿನ ಬೇಸಿಗೆಯ ಕೊನೆ. ಓಕ್ಲ್ಯಾಂಡಿನ ಹಿಂದಿನ ಗುಡ್ಡದ ಬುಡದಲ್ಲಿ ಒಂದು ಹಳ್ಳ ಫ್ರೀವೇಯ ಕೆಳಗಿನ ಸಿಮೆಂಟು ಕೊಳವೆಯಿಂದ ಹೊರಬಂದು ಮಡುವಿಗೆ ಬೀಳುತ್ತದೆ. ಕೊಳವೆಯ ಮೇಲ್ಗಡೆ ಮುಳ್ಳುಬೆನ್ನಿನ ಮೀನುಗಳು ಇನ್ನೂ ನೆಮ್ಮದಿಯಾಗಿದ್ದವು. ಸನ್‌ಫಿಶ್ ಆ ಮಡುವಿನವರೆಗೆ ಬಂದಿದೆಯೇ, ಬಂದಿದ್ದರೆ ಯಾವುದು, ಇಷ್ಟನ್ನು ನೋಡಲು ಹೋಗಿದ್ದೆವು. ಬಕೆಟ್ಟಿನ ನೀರು ಬದಲಿಸಲು ಗ್ಯಾರಿ ದಂಡೆ ಹತ್ತಿ ಟ್ರಕ್ಕಿನ ಹತ್ತಿರ ಹೋದ. ವೀರೇಶನ ಬೆನ್ನಿಗೆ ಪೆಟ್ಟಿಗೆ. ನಾನು ಬಲೆ ಹಿಡಿದು, ಅವನ ಹಿಂದೆ ಕಲ್ಲಿನ ಮೇಲೆ.

"ಅಕ್ಕಾರ, ನಿಂದರ್ರಿ. ಇಲ್ಲೊಂದು ಐತಿ" ಎಂದ. "ಯಾರ ಮನೀದೋ ತಿಳೀವಲ್ದು."

ಗುಂಡಿ ಒತ್ತಿದ. ಬೀಪ್ ಶುರುವಾಯಿತು. ಮೀನು ಮಗ್ಗುಲಾಗಿ ಹೊರಳಿ ಬಳೆಯ ಕಡೆ ಬಂತು. ಕಿತ್ತಳೆ ಅಂಚು ಕಂಡಿತು, ಕಿವಿ ಕಾಣಲಿಲ್ಲ. ಅದು ಕಾಣಲೆಂದು ವೀರೇಶ ಒಂದು ಹೆಜ್ಜೆ ಮುಂದಿಟ್ಟ. ಸಿಮೆಂಟು ಹಾಸು ಅಲ್ಲಿಗೆ ಮುಗಿದಿತ್ತು. ಕೆಳಗಿನ ಮಣ್ಣನ್ನು ನೀರು ಕೊರೆದುಕೊಂಡು ಹೋಗಿತ್ತು. ಅವನು ಓರೆಯಾಗಿ, ಬೆನ್ನು ಕೆಳಗಾಗಿ ಹೋದ.

ನಾನು ಮತ್ತೆ ಮತ್ತೆ ನೋಡುವುದು ಇದರ ಮುಂದಿನ ತುಣುಕನ್ನು. ಅವನು ನೀರಿನೊಳಗಿದ್ದಾನೆ, ಬೀಪ್ ಇನ್ನೂ ಕೂಗುತ್ತಿದೆ. ಬೀಳುವಾಗ ಕೈ ಬಿಗಿದು ಗುಂಡಿಯನ್ನು ಹಿಡಿದೇ ಇತ್ತು. ಓರೆಯಾದರೆ ಪೆಟ್ಟಿಗೆ ತಾನೇ ಆರುತ್ತದೆ ಎಂಬುದು ನನಗೆ ಗೊತ್ತಿತ್ತು. ಆರುವ ಮೊದಲು ನೀರಿಗಿಳಿದರೆ ಇಬ್ಬರೂ ಹೋಗುತ್ತೇವೆ ಎಂಬುದೂ ಗೊತ್ತಿತ್ತು. ಹಾಗಾಗಿ ನಾನು ಕಲ್ಲಿನ ಮೇಲೆ ನಿಂತು, ಅವನ ಟೋಪಿ ತೇಲಿ ಹೋಗುವುದನ್ನು ನೋಡುತ್ತ, ಆ ಸದ್ದು ನಿಲ್ಲಲಿ ಎಂದು ಕಾದೆ. ಎಷ್ಟು ಹೊತ್ತು ಎಂದು ಆಮೇಲೆ ಕೇಳಿದರು. ಕಣ್ಣು ಮಿಟುಕಿಸುವಷ್ಟು ಎಂದು ಯಂತ್ರ ತಯಾರಿಸಿದವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ಸದ್ದು ನಿಂತಿತು. ನಾನು ಇಳಿದೆ. ಎದೆಮಟ್ಟದ ನೀರು. ಅವನ ಮುಖ ಮೇಲೆ ಬಂತು, ಒಂದು ಉಸಿರು ಎಳೆಯಿತು, ಪೆಟ್ಟಿಗೆಯ ಭಾರ ಮತ್ತೆ ಹಿಂದಕ್ಕೆ ಜಗ್ಗಿತು. ಒಂದು ಕಾಲು ಕೆಳಗೆ ಯಾವುದರಲ್ಲೋ ಸಿಕ್ಕಿಕೊಂಡಿತ್ತು. ಅವನ ಕೈ ಸೊಂಟದ ಬಕಲ್ಲನ್ನೂ ಎದೆಯ ಬಕಲ್ಲನ್ನೂ ಎಳೆಯಿತು. ಎರಡೂ ಬಿಚ್ಚಿಕೊಂಡದ್ದು ನನ್ನ ಕಣ್ಣಿಗೇ ಕಂಡಿತು. ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ನೀಲಿ ಹಗ್ಗ ಹಿಡಿದಿತ್ತು. ಹುಬ್ಬಳ್ಳಿಯಿಂದ ಇಲ್ಲಿಯವರೆಗೆ ಸಡಿಲವಾಗದ ಹಗ್ಗ, ಗಂಟು ನೆಂದು ಇನ್ನೂ ಬಿಗಿಯಾಗಿತ್ತು.

ಕೂಗಿದೆ. ಮೇಲೆ ಫ್ರೀವೇಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಎಡಗೈಯಲ್ಲಿ ಅವನ ಕಾಲರ್ ಹಿಡಿದು ಮುಖವನ್ನು ನನ್ನ ಭುಜಕ್ಕೆ ಒರಗಿಸಿಕೊಂಡೆ. ಬಲಗೈ ತಾನಾಗಿ ಕೊರಳಿಗೆ ಹೋಯಿತು. ಕಿರುಬೆರಳಿನಷ್ಟು ಕತ್ತರಿ, ಮೀನಿನ ರೆಕ್ಕೆಗೆಂದು ಮಾಡಿದ್ದು. ನೈಲಾನ್ ಹಗ್ಗವನ್ನು ಒಮ್ಮೆಗೇ ಕಚ್ಚಲು ಅದರ ಬಾಯಿ ಸಾಲದು. ಎಳೆ ಎಳೆಯಾಗಿ ಕತ್ತರಿಸಿದೆ. ಒಂದು ಎಳೆ ಬಿಟ್ಟಾಗಲೆಲ್ಲ ಇನ್ನೊಂದು ಎದ್ದು ಕಾಣುತ್ತಿತ್ತು. ವೀರೇಶ ಒದ್ದಾಡುವುದನ್ನು ನಿಲ್ಲಿಸಿ, ಕಣ್ಣು ತೆರೆದು ನನ್ನ ಕೈಯನ್ನೇ ನೋಡುತ್ತಿದ್ದ. ಆ ಹೊತ್ತಿನಲ್ಲಿ ಅಷ್ಟು ಸುಮ್ಮನಿರುವುದು ಎಲ್ಲರಿಗೂ ಸಾಧ್ಯವಲ್ಲ. ಕೊನೆಯ ಎಳೆ ಹರಿದು ಪೆಟ್ಟಿಗೆ ಬೆನ್ನಿನಿಂದ ಜಾರಿತು. ಅವನು ನೆಟ್ಟಗಾದ. ಎದೆಯಿಂದ ಮೇಲಕ್ಕೆ ನೀರಿರಲಿಲ್ಲ. ಇಷ್ಟೇ ನೀರಿನಲ್ಲಿ ಮುಳುಗುತ್ತಿದ್ದ.

ಅಷ್ಟರಲ್ಲಿ ಗ್ಯಾರಿ ದಂಡೆಯಿಂದ ಜಾರಿಕೊಂಡೇ ಬಂದ. ಮುಳುಗಿ, ಶಾಪಿಂಗ್ ಕಾರ್ಟಿನ ತಂತಿಗಳ ನಡುವಿನಿಂದ ಅವನ ಕಾಲು ಬಿಡಿಸಿದ. ಟ್ರಕ್ಕಿನ ಹಿಂಬದಿಯಲ್ಲಿ ಕಂಬಳಿ ಹೊದೆಸಿ ಕೂರಿಸಿದಾಗ ವೀರೇಶ ಕೆಮ್ಮಿ, ಕೆಮ್ಮಿ, ಕೇಳಿದ ಮೊದಲ ಮಾತು ಕಿವಿ ಹೆಂಗಿತ್ರಿ ಎಂದು. ಮೀನಿನ ಕಿವಿ. ನನಗೆ ಅಳು ಬಂತು. ನೋಡ್ಲಿಲ್ಲ ಕಣಪ್ಪಾ ಎಂದೆ.

ಫಾರ್ಮಲಿನ್ ಕಾಲದಲ್ಲಿ ಇದು ಆಗಿದ್ದರೆ ನನ್ನ ಕೈಯಲ್ಲಿ ಒಂದು ಜಾಡಿ ಇರುತ್ತಿತ್ತು. ಹೊಸ ಪದ್ಧತಿಗಳ ಬಗ್ಗೆ ಹಳಬರು ಗೊಣಗುವುದನ್ನು ಕೇಳಿದಾಗ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಗ್ಯಾರಿ ಯಾರನ್ನೂ ಬೈಯಲಿಲ್ಲ. ಮಾರನೆಯ ದಿನ ಆಫೀಸಿನ ಮುಂದಿನ ಹುಲ್ಲಿನ ಮೇಲೆ ಎಲ್ಲರನ್ನೂ ಕರೆದು, ತಾನೇ ಮೊದಲು ಪೆಟ್ಟಿಗೆ ಹೊತ್ತು ಅಂಗಾತ ಮಲಗಿ, ಕಣ್ಣು ಮುಚ್ಚಿ ಬಕಲ್ ಎಳೆದು ತೋರಿಸಿದ. ಹೊಟ್ಟೆ ದಪ್ಪಗಿದ್ದವನು ಆಮೆಯಂತೆ ಹೊರಳಿ ಎದ್ದ. ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೂ ಮಲಗಿ ಎಳೆದೆವು. ಹೊಸ ಬಕಲ್ ಆ ವಾರವೇ ಬಂತು. ಪ್ರತಿ ದಿನ ನೀರಿಗಿಳಿಯುವ ಮೊದಲು ಪೆಟ್ಟಿಗೆ ಹೊತ್ತವರ ಮುಂದೆ ಇನ್ನೊಬ್ಬರು ನಿಂತು ಬಕಲ್ ಎಳೆಯಬೇಕು, ಪೆಟ್ಟಿಗೆ ನೆಲಕ್ಕೆ ಬೀಳಬೇಕು, ಆಮೇಲೆ ಮತ್ತೆ ಹೊರಬೇಕು ಎಂಬ ನಿಯಮ ಅಂದಿನಿಂದ ಬಂದದ್ದು.

ಹುಲ್ಲಿನ ಮೇಲೆ ಮಲಗದೆ ಇದ್ದವನು ವೀರೇಶ ಒಬ್ಬ. ಅವನು ಕೆಲಸಕ್ಕೆ ಬಂದ, ಎಂದಿನಂತೆ ನಗಿಸಿದ. ತನ್ನ ಪುಟ್ಟ ಮಗಳು ಎಲ್ಲ ಕೇಳಿಸಿಕೊಂಡು, ಹಾಗಾದರೆ ಗೆದ್ದದ್ದು ಮೀನಾ ಅಪ್ಪಾ ಎಂದು ಇಂಗ್ಲಿಷಿನಲ್ಲಿ ಕೇಳಿದಳೆಂದು ಹೇಳಿದ. ಆದರೆ ಪೆಟ್ಟಿಗೆಯನ್ನು ಮುಟ್ಟಲಿಲ್ಲ, ನೀರಿಗೆ ಇಳಿಯಲಿಲ್ಲ. ದಂಡೆಯ ಮೇಲೆ ಮೇಜು ಹಾಕಿಕೊಂಡು, ನಾವು ತಂದುಕೊಟ್ಟ ಮೀನುಗಳನ್ನು ಗುರುತಿಸುತ್ತಿದ್ದ. ಯಾರ ಮನಿ ಕೂಸು ಎಂದು ಕೇಳುವುದನ್ನು ಬಿಟ್ಟಿದ್ದ. ಬಾಯಿ, ಕಿವಿ, ರೆಕ್ಕೆ ಎಂದು ಅಳತೆ ಹೇಳುತ್ತಿದ್ದ, ಅಷ್ಟೆ.

ಮುಂದಿನ ವರ್ಷ ಆಫೀಸಿನಲ್ಲಿ ನಕ್ಷೆ ಮಾಡುವ ಒಂದು ಕುರ್ಚಿ ಖಾಲಿಯಾಯಿತು. ಬೇಕಾದರೆ ನಿನಗೆ, ಬೇಸಿಗೆ ಮುಗಿಯುವುದರೊಳಗೆ ಹೇಳು ಎಂದು ಗ್ಯಾರಿ ವೀರೇಶನಿಗೆ ಹೇಳಿದ. ನೀರಿಗಿಳಿಯದವರು ಹಳ್ಳದ ತಂಡದಲ್ಲಿ ಬಹಳ ದಿನ ಇರಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಳ್ಳೆಯ ಕೆಲಸವೇ ಅದು, ತಪ್ಪೇನಿಲ್ಲ. ಆದರೆ ಹಳ್ಳದ ವಾಸನೆಗೆ ಮುಖ ಅರಳುವ ಮನುಷ್ಯ ಅವನು. ಅದೇ ಬೇಸಿಗೆಯ ಕೊನೆಗೆ ನನ್ನ ನಿವೃತ್ತಿ. ಹೋಗುವ ಮೊದಲು ಅವನನ್ನು ಒಮ್ಮೆ ನೀರಿನಲ್ಲಿ ನೋಡಬೇಕೆಂದು ನನ್ನ ಆಸೆ. ಹೇಳಲು ಬಾಯಿ ಬರಲಿಲ್ಲ. ನಾನೇ ಬೀಪ್ ಕೇಳಿದಾಗ ಬಲೆಯ ಹಿಡಿಯನ್ನು ಎರಡೂ ಕೈಯಲ್ಲಿ ಅಮುಕುತ್ತಿದ್ದೆ.

ಒಂದು ಭಾನುವಾರ ಅವನ ಹೆಂಡತಿ ಶ್ರೀದೇವಿ ಫೋನು ಮಾಡಿದಳು. ಹೋಳಿಗೆ ಮಾಡುವ ಮಾತು, ಮಗಳ ಡೇಕೇರ್ ಮಾತು ಎಲ್ಲ ಆದ ಮೇಲೆ ದನಿ ತಗ್ಗಿಸಿದಳು.

"ಅಕ್ಕಾರ, ಒಂದ ಮಾತು. ಅವರಿಗೆ ನೀರಿಗೆ ಇಳಿ ಅಂತ ನೀವು ಹೇಳಬ್ಯಾಡ್ರಿ."

"ಇಲ್ಲಮ್ಮ, ಹೇಳಲ್ಲ."

"ಇಳೀಬ್ಯಾಡ ಅಂತನೂ ಹೇಳಬ್ಯಾಡ್ರಿ. ನಾನೂ ಹೇಳವಲ್ಲೆ."

ಅವಳಿಗೆ ಇದ್ದಷ್ಟು ತಿಳಿವಳಿಕೆ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ.

ನನ್ನ ಕೊನೆಯ ಕೆಲಸದ ದಿನಕ್ಕೆ ಗ್ಯಾರಿ ಅದೇ ಮಡುವನ್ನು ಗೊತ್ತು ಮಾಡಿದ. ಬೇಕೆಂದೇ ಮಾಡಿದನೋ, ಸರದಿಯಲ್ಲಿ ಬಂತೋ ನಾನು ಕೇಳಲಿಲ್ಲ. ಶಾಪಿಂಗ್ ಕಾರ್ಟನ್ನು ತೆಗೆಸಿದ್ದರು. ಸಿಮೆಂಟು ಹಾಸಿನ ಅಂಚಿಗೆ ಕೆಂಪು ಬಾವುಟ ನೆಟ್ಟಿದ್ದರು. ಪೆಟ್ಟಿಗೆ ಮರಳಿನ ಮೇಲೆ ಕೂತಿತ್ತು, ಯಾರು ಹೊರುವುದು ಎಂದು ಗ್ಯಾರಿ ಹೇಳಿರಲಿಲ್ಲ. ಅವನು ಟ್ರಕ್ಕಿನಲ್ಲಿ ಏನನ್ನೋ ಬಹಳ ಹೊತ್ತು ಹುಡುಕುತ್ತಿದ್ದ.

ವೀರೇಶ ಮೇಜು ಬಿಚ್ಚಿ ನಿಲ್ಲಿಸಿದ. ತಕ್ಕಡಿ ಇಟ್ಟ, ಅಳತೆಪಟ್ಟಿ ಇಟ್ಟ. ಆಮೇಲೆ ಹೋಗಿ ಪೆಟ್ಟಿಗೆಯನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು, ಎರಡೂ ಬಕಲ್ ಸೇರಿಸಿ, ನನ್ನ ಮುಂದೆ ಬಂದು ನಿಂತ.

"ಎಳೀರಿ ಅಕ್ಕಾರ."

ಎಳೆದೆ. ಪೆಟ್ಟಿಗೆ ಮರಳಿನ ಮೇಲೆ ದೊಪ್ಪನೆ ಬಿತ್ತು. ಅವನು ಬಗ್ಗಿ ಮತ್ತೆ ಹೊತ್ತ.

"ಇನ್ನೊಮ್ಮೆ ಎಳೀರಿ."

ಮತ್ತೆ ಬಿತ್ತು. ಮತ್ತೆ ಹೊತ್ತ. ನಾನೂ ಅವನೂ ಸುಮ್ಮನೆ ಇದನ್ನೇ ಮಾಡುತ್ತಿದ್ದೆವು, ತೊಟ್ಟಿಲ ಮಗು ಆಟಿಕೆ ಬೀಳಿಸಿ ಎತ್ತಿಸಿಕೊಳ್ಳುವ ಹಾಗೆ. ಕೊನೆಗೆ ನನಗೆ ನಗು ಬಂತು. ಅದಕ್ಕೇ ಕಾಯುತ್ತಿದ್ದನೆಂದು ಕಾಣುತ್ತದೆ.

"ಸಾಕಲ್ರಿ? ನಿಮ್ಮ ಹೆದರಿಕಿ ಹೋತಿಲ್ಲೋ?" ಎಂದ.

"ನನ್ನದಾ?"

"ಮತ್ತ ಯಾರದ್ರಿ? ನಾನು ನೀರಾಗ ಇದ್ದೆ, ನಿಮ್ಮ ಕೈ ಅಷ್ಟ ಕಾಣತಿತ್ತು. ನೀವು ಮ್ಯಾಲ ನಿಂತು ಎಲ್ಲಾ ನೋಡೀರಿ. ನಾನು ಹ್ವಾದ ವಾರನ ಇಳೀತಿದ್ದೆ. ನೀವು ದಂಡೀ ಮ್ಯಾಲ ನಿಂತು ನಡುಗೂದು ನೋಡಾಕ ಆಗ್ಲಿಲ್ಲ."

ಬಲೆ ಎತ್ತಿಕೊಂಡು ಅವನ ಹಿಂದೆ ನಡೆದೆ.

ಕೆಂಪು ಬಾವುಟದಿಂದ ಈಚೆಗೆ, ಸೊಂಟಮಟ್ಟದ ನೀರಿನಲ್ಲಿ ಅವನು ನಿಂತ. ಹಿಂದೆ ತಿರುಗಿ ನೋಡಿದ. ತಲೆಯಾಡಿಸಿದೆ. ಗುಂಡಿ ಒತ್ತಿದ. ಬೀಪ್ ಕೊಳವೆಯೊಳಗೆಲ್ಲ ಮೊಳಗಿತು. ಬಲೆ ಹಿಡಿದ ನನ್ನ ಕೈ ಬಿಗಿಯಿತು. ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಸದ್ದು ನಿಂತಿತು. ಅವನು ಇದ್ದಲ್ಲೇ, ನೆಟ್ಟಗೆ, ಟೋಪಿ ತಲೆಯ ಮೇಲೇ ಇಟ್ಟುಕೊಂಡು ಇದ್ದ. ಬಳೆಯ ಹತ್ತಿರ ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ಎತ್ತಿದೆ.

ದಂಡೆಯಲ್ಲಿ ಕೈ ಒದ್ದೆ ಮಾಡಿಕೊಂಡು ಅಂಗೈಯಲ್ಲಿ ಮಲಗಿಸಿದೆ. ಬಾಯಿ ಕಣ್ಣಿನ ಅಂಚಿಗೆ ಬಂದು ನಿಂತಿತ್ತು. ರೆಕ್ಕೆ ಚೂಪಾಗಲು ಹೋಗಿ ಮನಸ್ಸು ಬದಲಿಸಿದಂತಿತ್ತು. ಕಿತ್ತಳೆ ಅಂಚು. ಕಪ್ಪು ಕಿವಿಯ ಸುತ್ತ ಹಳದಿ ಇದೆಯೋ, ಬಿಸಿಲಿನ ಹೊಳಪೋ. ಒಂದು ವರ್ಷದ ಹಿಂದೆ ತಪ್ಪಿಸಿಕೊಂಡದ್ದು ಇದೇ ಇರಬಹುದು, ಇದರ ಮಕ್ಕಳೂ ಇರಬಹುದು. ವೀರೇಶ ನೀರು ತೊಟ್ಟಿಕ್ಕಿಸುತ್ತ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ಯಾರ ಮನಿ ಕೂಸ್ರಿ ಇದು?" ಎಂದ.

ಆ ಮಾತು ಕೇಳಿ ಎಷ್ಟು ದಿನವಾಗಿತ್ತು.

"ಗೊತ್ತಿಲ್ಲ ಕಣೋ. ಹಿಡಿ" ಎಂದು ಮೀನನ್ನು ಅವನ ಕೈಗೆ ಕೊಟ್ಟು, ಕೊರಳಿನಿಂದ ಕತ್ತರಿ ತೆಗೆದೆ. ಅದು ಅದೇ ಕತ್ತರಿ. ನೈಲಾನ್ ಕಚ್ಚಿ ಅದರ ತುದಿ ಮೊಂಡಾಗಿದೆ, ಹೊಸದು ಕೊಡುತ್ತೇನೆಂದರೂ ನಾನು ತೆಗೆದುಕೊಂಡಿರಲಿಲ್ಲ. ಉಗುರಿನಷ್ಟು ರೆಕ್ಕೆ ತೆಗೆಯಲು ಅದನ್ನು ಎರಡು ಸಲ ಒತ್ತಬೇಕು. ಒತ್ತಿದೆ. ಚೂರು ಶೀಷೆಗೆ ಬಿತ್ತು. ವೀರೇಶ ಬಗ್ಗಿ, ಎರಡೂ ಕೈಗಳನ್ನು ಮೊಣಕೈಯವರೆಗೆ ಮಡುವಿನಲ್ಲಿ ಮುಳುಗಿಸಿ, ಬೆರಳು ಬಿಡಿಸಿದ.